ಕಂಡದ್ದನ್ನು ಪ್ರಮಾಣಿಸಿ ನೋಡಿದ ಹೆಲ್ಮ್‌ಹೋಲ್ಟ್ಸ್

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ನಾಡಿನ ಹಳೆಯ ಗಾದೆ. ವ್ಯವಹಾರದಲ್ಲಿ ಮಾತ್ರ ನಾವು ಅದನ್ನು ಅಷ್ಟಾಗಿ ಪಾಲಿಸುವವರಲ್ಲ. ಕಣ್ಣಾರೆ ಕಂಡೆನೆಂದು ಒಬ್ಬನು ನುಡಿದರೆ ನ್ಯಾಯಸ್ಥಾನದಲ್ಲಿ ಅದಕ್ಕೆ ತೂಕವುಂಟು. ಕಿವಿಯಾರೆ ಕೇಳಿದೆನೆಂದರೆ ಊರ ಚಾವಡಿಯಲ್ಲಿ ಮರುಮಾತಿಲ್ಲ. ಇಂದ್ರಿಯಗಳು ಲೋಕವನ್ನು ಇದ್ದಂತೆಯೇ ತಂದು ನಮ್ಮ ಮುಂದಿಡುತ್ತವೆ, ತಪ್ಪೇನಾದರೂ ಘಟಿಸಿದರೆ ಅದು ಆಮೇಲೆ ಬುದ್ಧಿಯು ಮಾಡುವ ತಪ್ಪು ಎಂದು ಪಾಮರರು ಭಾವಿಸುವುದುಂಟು. ನಮ್ಮ ದಾರ್ಶನಿಕರು ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ಹಿಡಿದು ಈ ಪ್ರಶ್ನೆಯನ್ನು ತರ್ಕದಿಂದ ಶೋಧಿಸಿದರು. ಅದನ್ನೇ ಗಡಿಯಾರ, ಮಸೂರ, ವಿದ್ಯುತ್ ತಂತಿಗಳನ್ನು ಹಿಡಿದು ಶೋಧಿಸಿದವನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ನಮ್ಮ ಕಣ್ಣು ಕಿವಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಇವನಷ್ಟು ತಾಳ್ಮೆಯಿಂದ ವಿಚಾರಿಸಿದವರು ವಿರಳ. ಆದುದರಿಂದ ಇವನ ಚರಿತ್ರೆಯು ವಿಜ್ಞಾನಿಗಳಿಗಷ್ಟೇ ಸೇರಿದುದಲ್ಲ. ಇನ್ನೊಬ್ಬರ ವಿಷಯದಲ್ಲಿ ತೀರ್ಮಾನ ಹೇಳಬೇಕಾದ ಪ್ರತಿಯೊಬ್ಬನೂ ತಿಳಿಯತಕ್ಕುದಾಗಿದೆ.

1821ನೆಯ ಇಸವಿ ಆಗಸ್ಟ್ 31ರಂದು ಪ್ರಷ್ಯಾ ರಾಜ್ಯದ ಪಾಟ್ಸ್‌ಡಾಮ್ ನಗರದಲ್ಲಿ ಹೆಲ್ಮ್‌ಹೋಲ್ಟ್ಸನು ಜನಿಸಿದನು. ತಂದೆಯು ಅಲ್ಲಿಯ ಪಾಠಶಾಲೆಯಲ್ಲಿ ಉಪಾಧ್ಯಾಯ. ಯೌವನದಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ಹೋಗಿ ಬಂದವನು. ಪ್ರಾಚೀನ ಭಾಷೆಗಳಲ್ಲಿಯೂ ತತ್ತ್ವಶಾಸ್ತ್ರದಲ್ಲಿಯೂ ಆಸಕ್ತಿಯುಳ್ಳವನು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ವರಮಾನವು ಮಾತ್ರ ಅಲ್ಪವಾಗಿತ್ತು. ಮಗುವು ರೋಗಿಷ್ಠ, ಬಹಳ ದಿನಗಳನ್ನು ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ಆಗ ಆಟಕ್ಕೆ ದೊರೆತ ಮರದ ತುಂಡುಗಳನ್ನು ಜೋಡಿಸುತ್ತ ಆಕಾರಗಳ ಪರಸ್ಪರ ಸಂಬಂಧವನ್ನು ಅವನು ಎಷ್ಟು ಚೆನ್ನಾಗಿ ಅರಿತನೆಂದರೆ, ಮುಂದೆ ಶಾಲೆಯಲ್ಲಿ ರೇಖಾಗಣಿತವನ್ನು ಹೇಳಿಕೊಡುವಾಗ ಅದರ ಸಂಗತಿಗಳೆಲ್ಲ ಅವನಿಗೆ ಮೊದಲೇ ಗೊತ್ತಿದ್ದವು. ಇಷ್ಟಿದ್ದರೂ ಎಡಬಲಗಳನ್ನು ಗುರುತಿಸುವುದು ಅವನಿಗೆ ಕಷ್ಟವಾಗುತ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಕಂಠಪಾಠ ಮಾಡುವುದು ಇನ್ನೂ ಕಷ್ಟ.

ಬಾಲ್ಯದ ಇನ್ನೊಂದು ಪ್ರಸಂಗವನ್ನು ಅವನು ಜೀವನಪರ್ಯಂತ ಮರೆಯಲಿಲ್ಲ. ಊರಿನ ಸೈನಿಕರ ಇಗರ್ಜಿಯ ಮುಂದೆ ತಾಯಿಯೊಡನೆ ಹೋಗುತ್ತಿರುವಾಗ ಗೋಪುರದ ಮೇಲಿನ ಮೊಗಸಾಲೆಯಲ್ಲಿ ನಿಂತಿದ್ದ ಜನರು ಅವನ ಕಣ್ಣಿಗೆ ಬೊಂಬೆಗಳಂತೆ ಕಂಡರು. ಕೈಚಾಚಿ ಅವನ್ನು ಎತ್ತಿಕೊಡೆಂದು ಮಗುವು ತಾಯಿಯನ್ನು ಬೇಡಿತು. ದೂರದ ವಸ್ತುವು ಚಿಕ್ಕದಾಗಿ ಕಾಣುವುದೆಂಬ ಸಂಗತಿಯು ಮನುಷ್ಯನಿಗೆ ಹುಟ್ಟಿನಿಂದ ಬಂದುದಲ್ಲ, ಅನುಭವದಿಂದ ಕಲಿತುದು ಎಂಬುದಕ್ಕೆ ಮುಂದೆ ಪ್ರೌಢನಾದ ಮೇಲೆ ಅವನು ಕೊಟ್ಟ ಸಾಕ್ಷ್ಯಗಳಲ್ಲಿ ತನ್ನ ಈ ಬಾಲ್ಯದ ತಪ್ಪೂ ಒಂದು.

ಹುಡುಗನಿಗೆ ಭೌತಶಾಸ್ತ್ರದಲ್ಲಿ ಅತಿಶಯವಾದ ಒಲವು. ತರಗತಿಯಲ್ಲಿ ಲ್ಯಾಟಿನ್ ಪಾಠ ನಡೆಯುತ್ತಿರಲು ಇವನು ಮೇಜಿನ ಕೆಳಗೆ ದೂರದರ್ಶಕದಲ್ಲಿ ಬೆಳಕಿನ ಕಿರಣಗಳು ಸಾಗುವ ದಾರಿಯನ್ನು ಲೆಕ್ಕ ಹಾಕುತ್ತಿದ್ದನು. ಆದರೆ ಉಪಾಧ್ಯಾಯನ ಸಂಬಳದಲ್ಲಿ ಮಗನನ್ನು ಭೌತಶಾಸ್ತ್ರಕ್ಕೆ ಕಳುಹಿಸುವುದು ಸಾಧ್ಯವಿರಲಿಲ್ಲ. ಬರ್ಲಿನ್ನಿನಲ್ಲಿ ಸರಕಾರದ ಖರ್ಚಿನಿಂದ ವೈದ್ಯವಿದ್ಯೆಯನ್ನು ಕಲಿಸಿ, ಅದಕ್ಕೆ ಪ್ರತಿಯಾಗಿ ಹಲವು ವರ್ಷಗಳ ಸೈನ್ಯಸೇವೆಯನ್ನು ಪಡೆಯುವ ಒಂದು ಸಂಸ್ಥೆಯಿತ್ತು. 1838ರಲ್ಲಿ ಹೆಲ್ಮ್‌ಹೋಲ್ಟ್ಸನು ಅದನ್ನು ಸೇರಿದನು. ವಿದ್ಯಾರ್ಥಿಯಾಗಿದ್ದಾಗ ವಿಷಮಜ್ವರವು ಬಂದು ಆಸ್ಪತ್ರೆಗೆ ಸೇರಬೇಕಾಯಿತು. ಅಲ್ಲಿ ಊಟ ಔಷಧಗಳಿಗೆ ಖರ್ಚಿಲ್ಲದೆ ಉಳಿದ ವೇತನದಿಂದ ಅವನು ಒಂದು ಸಣ್ಣ ಸೂಕ್ಷ್ಮದರ್ಶಕವನ್ನು ಕೊಂಡನು. ಬಡವರ ಮಕ್ಕಳಿಗೆ ಕಾಯಿಲೆಯೂ ಒಮ್ಮೊಮ್ಮೆ ಉಪಕಾರ ಮಾಡುವುದುಂಟು! ಆ ಸೂಕ್ಷ್ಮದರ್ಶಕದ ಸಹಾಯದಿಂದಲೇ ಕೆಳದರ್ಜೆಯ ಪ್ರಾಣಿಗಳ ನರತಂತುಗಳನ್ನು ಪರೀಕ್ಷಿಸಿ 1842ರಲ್ಲಿ ಪದವಿಯ ಪ್ರಬಂಧವನ್ನು ಬರೆದನು.

ಅವನ ಗುರು ಯೋಹಾನೆಸ್ ಮ್ಯೂಲರನು ಆ ಕಾಲದ ಶರೀರಶಾಸ್ತ್ರಜ್ಞರಲ್ಲಿ ಅಗ್ರಗಣ್ಯ. ನಾವು ಅರಿಯುವುದು ಹೊರಗಿನ ವಸ್ತುವನ್ನಲ್ಲ, ನಮ್ಮ ನರಗಳ ಸ್ಥಿತಿಯನ್ನು ಎಂಬುದು ಮ್ಯೂಲರನ ಮುಖ್ಯ ಸಿದ್ಧಾಂತ. ಕಣ್ಣಿನ ನರವನ್ನು ಬೆಳಕು ಮುಟ್ಟಲಿ, ಪೆಟ್ಟು ಮುಟ್ಟಲಿ, ವಿದ್ಯುತ್ತು ಮುಟ್ಟಲಿ, ಅದು ಬೆಳಕೆಂದೇ ವರದಿ ಮಾಡುತ್ತದೆ. ಇದನ್ನು ಶಿಷ್ಯನು ಒಪ್ಪಿದನು. ಆದರೆ ಜೀವಿಗಳಲ್ಲಿ ಭೌತನಿಯಮಗಳಿಗೆ ಒಳಪಡದ ಪ್ರಾಣಶಕ್ತಿಯೊಂದಿದೆಯೆಂದು ಗುರುವು ನಂಬಿದ್ದುದನ್ನು ಮಾತ್ರ ಒಪ್ಪಲಾರದೆ ಹೋದನು. ಪಾಟ್ಸ್‌ಡಾಮಿನಲ್ಲಿ ಸೈನ್ಯದ ವೈದ್ಯನಾಗಿದ್ದಾಗ ಬಿಡುವಿನ ವೇಳೆಯಲ್ಲಿ ಕಪ್ಪೆಯ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಅಳೆದು ಈ ವಿಷಯವನ್ನು ಮಥಿಸಿದನು. 1847ನೆಯ ಇಸವಿ ಜುಲೈ 23ರಂದು ಬರ್ಲಿನ್ನಿನ ಭೌತಶಾಸ್ತ್ರ ಸಂಘದಲ್ಲಿ ಶಕ್ತಿಯು ರೂಪಾಂತರವನ್ನು ಹೊಂದುವುದಲ್ಲದೆ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ನಿಯಮವನ್ನು ಗಣಿತಪೂರ್ವಕವಾಗಿ ಮಂಡಿಸಿದನು. ಅವನಿಗೆ ಆಗ ಇಪ್ಪತ್ತಾರು ತುಂಬಿರಲಿಲ್ಲ. ಆ ಕಾಲದ ಪ್ರಮುಖ ಪತ್ರಿಕೆಯು ಲೇಖನವನ್ನು ಪ್ರಕಟಿಸಲೊಪ್ಪಲಿಲ್ಲ; ಅದು ಕಿರುಹೊತ್ತಗೆಯಾಗಿ ಹೊರಬಂದಿತು. ಜರ್ಮನಿಯ ಮೇಯರ್, ಇಂಗ್ಲೆಂಡಿನ ಜೂಲ್ ಎಂಬವರು ಬೇರೆ ದಾರಿಗಳಿಂದ ಬಂದು ತಲಪಿದ್ದುದೂ ಈ ನಿಯಮಕ್ಕೇ. ಇಂದು ಇದು ಭೌತಶಾಸ್ತ್ರದ ಅಡಿಗಲ್ಲು.

ತರುಣನ ಯೋಗ್ಯತೆಯು ಹಿರಿಯರ ಗಮನಕ್ಕೆ ಬಂದುದರಿಂದ, ಪ್ರಸಿದ್ಧ ಪರ್ಯಟಕ ಹುಂಬೋಲ್ಟನ ಪ್ರಯತ್ನದ ಫಲವಾಗಿ 1848ರಲ್ಲಿ ಸೈನ್ಯಸೇವೆಯಿಂದ ಅವನಿಗೆ ಅವಧಿಗೆ ಮುಂಚೆಯೇ ಬಿಡುಗಡೆ ದೊರೆಯಿತು. ಮರುವರ್ಷ ಓಲ್ಗಾ ಎಂಬಾಕೆಯನ್ನು ವಿವಾಹವಾಗಿ, ಕೋನಿಗ್ಸ್‌ಬರ್ಗಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾದನು. ಇಂದು ರಷ್ಯಕ್ಕೆ ಸೇರಿ ಕಲೀನಿನ್‌ಗ್ರಾಡ್ ಎನಿಸಿರುವ ಆ ನಗರವು ತತ್ತ್ವಜ್ಞಾನಿ ಕಾಂಟನ ಜನ್ಮಭೂಮಿ. ಅಲ್ಲಿ ಹೆಲ್ಮ್‌ಹೋಲ್ಟ್ಸನು ಕೈಗೊಂಡ ಮೊದಲನೆಯ ಕಾರ್ಯವೇ ವಿದ್ವಾಂಸರನ್ನು ಬೆರಗುಗೊಳಿಸಿತು.

ನರದಲ್ಲಿ ಸಂದೇಶವು ಹರಿಯುವ ವೇಗವನ್ನು ಅಳೆಯುವುದು ಬಹುಶಃ ಎಂದಿಗೂ ಸಾಧ್ಯವಾಗದೆಂದು ಮ್ಯೂಲರನು ಬರೆದಿದ್ದನು. ಇಚ್ಛಿಸಿದ ಕ್ಷಣವೇ ಬೆರಳು ಆಡುವುದರಿಂದ ಆ ವೇಗವು ಮಿಂಚಿನಂತಹುದೆಂದು ಲೋಕದ ಭಾವನೆ. ಹೆಲ್ಮ್‌ಹೋಲ್ಟ್ಸನು ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದೊಡನೆ ಬಿಡಿಸಿ, ನರಕ್ಕೆ ಒಮ್ಮೆ ಸ್ನಾಯುವಿನ ಸಮೀಪದಲ್ಲಿಯೂ ಇನ್ನೊಮ್ಮೆ ದೂರದಲ್ಲಿಯೂ ವಿದ್ಯುತ್ತನ್ನು ತಾಕಿಸಿದನು. ದೂರದಲ್ಲಿ ತಾಕಿಸಿದಾಗ ಸ್ನಾಯುವು ಒಂದಿಷ್ಟು ತಡವಾಗಿ ಮುದುಡಿತು. ಆ ತಡವು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಅಂಶ ಮಾತ್ರ. ಅಷ್ಟು ಸೂಕ್ಷ್ಮವಾದ ಕಾಲವನ್ನು ವಿದ್ಯುತ್ಪ್ರವಾಹದಿಂದ ಅಲುಗುವ ಸೂಜಿಯ ಮೂಲಕ ಅಳೆದು, ಎರಡು ಸ್ಥಳಗಳ ನಡುವಣ ಅಂತರವನ್ನು ಅದರಿಂದ ಭಾಗಿಸಿದನು. ವೇಗವು ಸೆಕೆಂಡಿಗೆ ಸುಮಾರು 25ರಿಂದ 40 ಮೀಟರುಗಳೆಂದು ತಿಳಿದುಬಂತು. ಗಾಳಿಯಲ್ಲಿ ಶಬ್ದವು ಇದಕ್ಕಿಂತ ಎಂಟು ಹತ್ತು ಪಾಲು ವೇಗವಾಗಿ ಸಾಗುತ್ತದೆ! ಈ ಪ್ರಯೋಗಗಳ ಅಂಕಿಗಳನ್ನು ಬರೆದುಕೊಳ್ಳುವುದರಲ್ಲಿ ಪತ್ನಿ ಓಲ್ಗಾ ಅವನಿಗೆ ನೆರವಾದಳು.

1850ರಲ್ಲಿ ಪ್ರಕಟವಾದ ಈ ಸುದ್ದಿಯನ್ನು ಒಪ್ಪಲು ಅನೇಕರಿಗೆ ಮನಸ್ಸಾಗಲಿಲ್ಲ. ಒಪ್ಪದವರಲ್ಲಿ ಅವನ ತಂದೆಯೂ ಒಬ್ಬನು. ಮನಸ್ಸಿನ ಸಂಕಲ್ಪ, ದೇಹದ ಕ್ರಿಯೆ ಎರಡೂ ಒಂದೇ ಜೀವಂತ ಘಟನೆಯ ಎರಡು ಮುಖಗಳೆಂದು ನಂಬಿದ್ದ ಆ ವೃದ್ಧ ತತ್ತ್ವಪ್ರಿಯನಿಗೆ ಅವುಗಳ ನಡುವೆ ಕಾಲವು ತೂರಿಕೊಳ್ಳುವುದೆಂಬ ಮಾತು ವಿಚಿತ್ರವಾಗಿ ತೋರಿತು. ಮಗನು ಗೌರವವನ್ನು ಬಿಡಲಿಲ್ಲ. ಅಳೆದ ಅಂಕಿಯನ್ನೂ ಬಿಡಲಿಲ್ಲ. ಈ ಒಂದು ಅಳತೆಯಿಂದ ದೊಡ್ಡದೊಂದು ಅರ್ಥವು ಹೊರಟಿತು. ಕಾಲಿಗೆ ಮುಳ್ಳು ತಾಗಿದ ಕ್ಷಣವೂ ನೋವು ತಿಳಿದ ಕ್ಷಣವೂ ಒಂದೇ ಅಲ್ಲ. ನಾವು ಈಗ ಎಂದು ಕರೆಯುವುದು ಆಗಲೇ ಸ್ವಲ್ಪ ಹಿಂದೆ ಸರಿದುಹೋಗಿರುತ್ತದೆ. ಮನಸ್ಸಿನ ವ್ಯಾಪಾರಕ್ಕೂ ಕಾಲ ಹಿಡಿಯುವುದಾದರೆ ಅದನ್ನೂ ಪ್ರಯೋಗಶಾಲೆಯಲ್ಲಿ ಅಳೆಯಬಹುದು. ಮನಶ್ಶಾಸ್ತ್ರವು ಪ್ರಯೋಗವಿಜ್ಞಾನವಾಗುವುದಕ್ಕೆ ಬಾಗಿಲು ತೆರೆದುದು ಹೀಗೆ.

ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಲಾಭವುಂಟಾಯಿತು. ಜೀವಂತ ಮನುಷ್ಯನ ಕಣ್ಣಿನ ಪಾಪೆಯು ನೋಡುವವರಿಗೆ ಕಪ್ಪಾಗಿಯೇ ಕಾಣುವುದೇಕೆ? ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವ ಪಾಠವನ್ನು ಸಿದ್ಧಪಡಿಸುವಾಗ ಅವನಿಗೆ ಉತ್ತರವು ಹೊಳೆಯಿತು. ಒಳಹೊಕ್ಕ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಅದನ್ನು ನೋಡಲು ಆ ದಾರಿಯಲ್ಲಿ ನಮ್ಮ ತಲೆಯನ್ನಿಟ್ಟರೆ ಬೆಳಕೇ ಒಳಗೆ ಹೋಗದು. ಓರೆಯಾಗಿ ಹಿಡಿದ ಗಾಜಿನ ತೆಳು ಹಲಗೆಯಿಂದ ದೀಪದ ಬೆಳಕನ್ನು ಕಣ್ಣಿನೊಳಕ್ಕೆ ಪ್ರತಿಫಲಿಸಿ, ಹಿಂದಿರುಗುವ ಬೆಳಕನ್ನು ಅದೇ ಗಾಜಿನ ಮೂಲಕ ನೋಡಿದರೆ ತೊಡಕು ನೀಗುತ್ತದೆ. ಕನ್ನಡಕದ ಮಸೂರಗಳನ್ನೂ ಸೂಕ್ಷ್ಮದರ್ಶಕದ ಗಾಜಿನ ಚೂರುಗಳನ್ನೂ ರಟ್ಟಿನ ಮೇಲೆ ಅಂಟಿಸಿ ಸುಮಾರು ಎಂಟು ದಿನಗಳಲ್ಲಿ ಈ ಉಪಕರಣವನ್ನು ಅವನು ಹೊಂದಿಸಿದನು. ಕಣ್ಣಿನ ಹಿಂಗೋಡೆಯಾದ ಅಕ್ಷಿಪಟವು, ಅದರ ರಕ್ತನಾಳಗಳ ಸಹಿತವಾಗಿ, ಜೀವಂತ ಮನುಷ್ಯನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಇಂಗ್ಲೆಂಡಿನ ಬ್ಯಾಬೇಜನು ಕೆಲವು ವರ್ಷಗಳ ಹಿಂದೆ ಇಂತಹುದೊಂದನ್ನು ಮಾಡಿದ್ದನಾದರೂ ಅದು ಬೆಳಕಿಗೆ ಬಂದಿರಲಿಲ್ಲ. ಬರ್ಲಿನ್ನಿನ ನೇತ್ರವೈದ್ಯ ಗ್ರೇಫೆಯ ಕೈಯಲ್ಲಿ ಹೆಲ್ಮ್‌ಹೋಲ್ಟ್ಸನ ನೇತ್ರದರ್ಶಕವು ಕುರುಡುತನದ ಎಷ್ಟೋ ಕಾರಣಗಳನ್ನು ಹೊರಗೆಡಹಿತು. ಇಂದು ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಕೇಡಾಗಿದೆಯೇ ಎಂದು ಪಾಪೆಯೊಳಗೆ ಬೆಳಕು ಹಾಯಿಸಿ ನೋಡುವ ವೈದ್ಯನು ಅದೇ ಉಪಾಯದ ಉತ್ತರಾಧಿಕಾರಿ.

ಕೀರ್ತಿಯು ಬಂದಿತು, ಅದರ ಹಿಂದೆಯೇ ದುಃಖವೂ ಬಂದಿತು. ಓಲ್ಗಾಳ ಶ್ವಾಸಕೋಶದ ರೋಗಕ್ಕೆ ಕೋನಿಗ್ಸ್‌ಬರ್ಗಿನ ಚಳಿಯು ಒಗ್ಗದೆ 1855ರಲ್ಲಿ ಬಾನ್ ನಗರಕ್ಕೂ 1858ರಲ್ಲಿ ಹೈಡಲ್ಬರ್ಗಿಗೂ ಸಂಸಾರವು ಸ್ಥಳಾಂತರ ಹೊಂದಿತು. 1859ರಲ್ಲಿ ತಂದೆಯು ತೀರಿಕೊಂಡನು. ಅದೇ ಡಿಸೆಂಬರಿನಲ್ಲಿ ಓಲ್ಗಾಳೂ ಎರಡು ಮಕ್ಕಳನ್ನು ಬಿಟ್ಟು ಅಗಲಿದಳು. 1861ರಲ್ಲಿ ಆನಾ ಫಾನ್ ಮೋಲ್ ಎಂಬ ವಿದ್ಯಾವತಿಯು ಅವನ ಕೈಹಿಡಿದಳು. ಅವನ ಎರಡು ಮಹಾಗ್ರಂಥಗಳು ಈ ಕಷ್ಟಸುಖಗಳ ನಡುವೆಯೇ ಮೈದಾಳಿದವು. ದೃಷ್ಟಿಯನ್ನು ಕುರಿತ ಗ್ರಂಥವು 1856ರಿಂದ 1867ರವರೆಗೆ ಮೂರು ಭಾಗಗಳಲ್ಲಿ ಹೊರಬಂದಿತು. ಸ್ವರಸಂವೇದನೆಯನ್ನು ಕುರಿತ ಗ್ರಂಥವು 1863ರಲ್ಲಿ.

ಬಣ್ಣದ ವಿಷಯದಲ್ಲಿ ಅವನು ನಡೆದ ದಾರಿಯು ಬೋಧಪ್ರದವಾಗಿದೆ. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿದ್ದು, ಅವುಗಳ ಹೆಚ್ಚುಕಡಿಮೆ ಮಿಶ್ರಣದಿಂದಲೇ ಎಲ್ಲ ಬಣ್ಣಗಳೂ ತೋರುವುವೆಂದು ಇಂಗ್ಲೆಂಡಿನ ಥಾಮಸ್ ಯಂಗನು ಶತಮಾನದ ಆದಿಯಲ್ಲಿ ಊಹಿಸಿದ್ದನು. 1852ರಲ್ಲಿ ಹೆಲ್ಮ್‌ಹೋಲ್ಟ್ಸನು ತನ್ನ ಪ್ರಯೋಗಗಳನ್ನು ನಂಬಿ ಈ ಊಹೆಯನ್ನು ತಳ್ಳಿಹಾಕಿದನು. ಮರುವರ್ಷ ಸ್ಟೆಟ್ಟಿನ್ ಎಂಬ ಊರಿನ ಶಾಲಾ ಉಪಾಧ್ಯಾಯ ಗ್ರಾಸ್‌ಮನ್ ಎಂಬಾತನು ಆ ಪ್ರಯೋಗಗಳ ಫಲವನ್ನು ಗಣಿತದಿಂದ ಆಕ್ಷೇಪಿಸಿದನು. ಈ ಗ್ರಾಸ್‌ಮನ್ನನೇ ಮುಂದೆ ಋಗ್ವೇದಕ್ಕೆ ಶಬ್ದಕೋಶವನ್ನು ರಚಿಸಿದ ಸಂಸ್ಕೃತಜ್ಞನೆಂಬುದು ನಮ್ಮ ವಾಚಕರಿಗೆ ಕುತೂಹಲವನ್ನುಂಟುಮಾಡೀತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕನು ಶಾಲಾ ಉಪಾಧ್ಯಾಯನ ಮಾತನ್ನು ಅಲಕ್ಷಿಸಲಿಲ್ಲ. ಹೊಸ ಉಪಕರಣದಿಂದ ಪ್ರಯೋಗವನ್ನು ಪುನಃ ನಡೆಸಿ, ತನ್ನ ಹಿಂದಿನ ತೀರ್ಮಾನವನ್ನು ತಿದ್ದಿಕೊಂಡು, ಕಡೆಗೆ ಯಂಗನ ಪಕ್ಷಕ್ಕೆ ತಾನೇ ಮುಖ್ಯ ಪ್ರತಿಪಾದಕನಾದನು. ಹಳದಿ, ನೀಲಿ ಬಣ್ಣದ ಪುಡಿಗಳನ್ನು ಬೆರಸಿದರೆ ಹಸಿರಾಗುವುದೂ ಅದೇ ಬಣ್ಣದ ಬೆಳಕುಗಳನ್ನು ಬೆರಸಿದರೆ ಬಿಳಿದಾಗುವುದೂ ಏಕೆಂದು ಸರಿಯಾಗಿ ವಿವರಿಸಿದವನೂ ಇವನೇ.

ಕಿವಿಯ ವಿಷಯವು ಇನ್ನೂ ಮನೋಹರವಾದುದು. ವೀಣೆಯೂ ಕೊಳಲೂ ಒಂದೇ ಷಡ್ಜವನ್ನು ನುಡಿದರೂ ಯಾವುದು ವೀಣೆ ಯಾವುದು ಕೊಳಲು ಎಂದು ನಮಗೆ ತಿಳಿಯುವುದು ಹೇಗೆ? ಪ್ರತಿಯೊಂದು ನಾದದಲ್ಲಿಯೂ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳುಳ್ಳ ಉಪಸ್ವರಗಳು ಅಡಗಿರುತ್ತವೆ. ಅವುಗಳ ಬಲಾಬಲವೇ ನಾದದ ಬಣ್ಣವನ್ನು ನಿರ್ಣಯಿಸುತ್ತದೆ. ಟೊಳ್ಳಾದ ಗೋಲಗಳನ್ನು ಮಾಡಿಸಿ, ಅವುಗಳ ತುದಿಯನ್ನು ಕಿವಿಗಿಟ್ಟು, ಒಂದೊಂದು ಗೋಲಕ್ಕೆ ಒಂದೊಂದು ಉಪಸ್ವರ ಮಾತ್ರ ಮೊಳಗುವಂತೆ ಹೆಲ್ಮ್‌ಹೋಲ್ಟ್ಸನು ಏರ್ಪಡಿಸಿದನು. ಎರಡು ಸ್ವರಗಳು ಕೂಡಿದಾಗ ಅವುಗಳ ಉಪಸ್ವರಗಳು ಒಂದರೊಡನೊಂದು ತಾಕಲಾಡಿ ಒರಟಾದ ಮಿಡಿತವನ್ನು ಹುಟ್ಟಿಸಿದರೆ ಅಪಸ್ವರ. ತಾಕಲಾಟವಿಲ್ಲದೆ ಹೊಂದಿಕೊಂಡರೆ ಇಂಪು. ಷಡ್ಜ ಪಂಚಮಗಳಲ್ಲಿ ಕಂಪನಗಳು ಎರಡಕ್ಕೆ ಮೂರರ ಪ್ರಮಾಣದಲ್ಲಿರುವುದರಿಂದ ಅವು ಇಷ್ಟು ಚೆನ್ನಾಗಿ ಹೊಂದುತ್ತವೆ. ಆದರೆ ಯಾವ ಸ್ವರಗಳ ಮೇಲೆ ಸಂಗೀತವನ್ನು ಕಟ್ಟಬೇಕೆಂಬುದನ್ನು ಪ್ರಕೃತಿಯೊಂದೇ ನಿಶ್ಚಯಿಸುವುದಿಲ್ಲವೆಂದೂ, ಅದು ಆಯಾ ಜನಾಂಗದ ರುಚಿಸಂಪ್ರದಾಯಗಳನ್ನವಲಂಬಿಸಿದೆಯೆಂದೂ ಅವನು ಎಚ್ಚರಿಸಿದನು. ತನ್ನ ದೇಶದ ಸಂಗೀತವೇ ಪ್ರಕೃತಿಯ ಏಕೈಕ ಸಂಗೀತವೆಂದು ಯೂರೋಪಿನ ಅನೇಕರು ಭಾವಿಸಿದ್ದ ಕಾಲದಲ್ಲಿ ಈ ವಿನಯವು ಸಾಮಾನ್ಯವಲ್ಲ.

ಈ ಎಲ್ಲ ಶೋಧನೆಗಳ ತಾತ್ಪರ್ಯವು ಅವನ ಅತ್ಯಂತ ಪ್ರಸಿದ್ಧವಾದ ಸಿದ್ಧಾಂತದಲ್ಲಿ ಒಟ್ಟುಗೂಡಿದೆ. ಇಂದ್ರಿಯಗಳು ನಮಗೆ ತಂದುಕೊಡುವುದು ವಸ್ತುವಿನ ಚಿತ್ರವನ್ನಲ್ಲ, ಅದರ ಸಂಕೇತವನ್ನು. ನೀರೆಂಬ ಅಕ್ಷರಗಳಲ್ಲಿ ತೇವವಿಲ್ಲದಿದ್ದರೂ ಓದಿದವನಿಗೆ ನೀರಿನ ಅರ್ಥವಾಗುವಂತೆ, ಹಿಂದಿನ ಅನುಭವದ ಬಲದಿಂದ ಮನಸ್ಸು ಈ ಸಂಕೇತಗಳನ್ನು ಓದಿಕೊಂಡು, ಹೊರಗೆ ಇಂತಹ ವಸ್ತುವು ಇಂತಹ ಸ್ಥಳದಲ್ಲಿರಬೇಕೆಂದು ಅನುಮಾನಿಸುತ್ತದೆ. ಈ ಅನುಮಾನವು ನಮ್ಮ ಅರಿವಿಗೆ ಬಾರದೆ ನಡೆಯುವುದರಿಂದ ಅದನ್ನೇ ನಾವು ಪ್ರತ್ಯಕ್ಷವೆಂದು ಕರೆಯುತ್ತೇವೆ. ವಾಚಕರು ಕಣ್ಣು ಮುಚ್ಚಿ, ಕಿವಿಯ ಕಡೆಗಿರುವ ಕಣ್ಣಿನ ಕೊನೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಲಿ. ಒತ್ತಿದ ಕಡೆಯಲ್ಲಿ ಕಾಣದೆ, ಮೂಗಿನ ಕಡೆಯಲ್ಲಿ ಒಂದು ಮಸಕು ಬೆಳಕು ಕಾಣುತ್ತದೆ. ಅಕ್ಷಿಪಟದ ಹೊರಭಾಗಕ್ಕೆ ಎಂದಿಗೂ ಬೆಳಕು ಬರುವುದು ಮೂಗಿನ ಕಡೆಯಿಂದ. ಆ ರೂಢಿಯಂತೆ ಮನಸ್ಸು ಈಗಲೂ ತೀರ್ಪು ಕೊಟ್ಟಿತು. ಕಾರಣವನ್ನು ತಿಳಿದ ಮೇಲೆಯೂ ಬೆಳಕು ಸ್ಥಳವನ್ನು ಬದಲಿಸುವುದಿಲ್ಲ. ಭೂಮಿಯೇ ತಿರುಗುತ್ತಿದೆಯೆಂದು ಬಲ್ಲವನಿಗೂ ಸೂರ್ಯನೇ ಮುಳುಗುವಂತೆ ಕಾಣುವುದಿಲ್ಲವೆ?

ಈ ಓದು ಕಲಿತುದೆಂಬುದನ್ನು ತೋರಿಸಲು ಅವನು ಇನ್ನೊಂದು ಪ್ರಯೋಗವನ್ನು ವರ್ಣಿಸಿದನು. ನೋಟವನ್ನು ಒಂದು ಪಕ್ಕಕ್ಕೆ ಸರಿಸುವ ಗಾಜಿನ ಪಟ್ಟಕಗಳನ್ನು ಕಣ್ಣಿಗೆ ಧರಿಸಿ ವಸ್ತುವನ್ನು ಮುಟ್ಟಹೋದರೆ ಮೊದಲು ಕೈ ತಪ್ಪುತ್ತದೆ. ನಾಲ್ಕಾರು ಸಲ ಪ್ರಯತ್ನಿಸಿದರೆ ಗುರಿಯು ಸರಿಹೋಗುತ್ತದೆ. ಪಟ್ಟಕವನ್ನು ತೆಗೆದೊಡನೆ ಕೈಯು ವಿರುದ್ಧ ದಿಕ್ಕಿಗೆ ತಪ್ಪುತ್ತದೆ. ಕಣ್ಣಿಗೆ ಪಾಠ ಹೇಳಿಕೊಡುವುದು ಕೈಯ ಅನುಭವ. ಆಕಾಶದ ಕಲ್ಪನೆಯು ಮನುಷ್ಯನಿಗೆ ಅನುಭವಕ್ಕಿಂತ ಮೊದಲೇ ಸಿದ್ಧವಾಗಿರುವುದೆಂದು ಕಾಂಟನ ಅನುಯಾಯಿಗಳೂ, ದೂರ ದಿಕ್ಕುಗಳ ಜ್ಞಾನವು ಹುಟ್ಟಿನಿಂದಲೇ ಕಣ್ಣಿನ ರಚನೆಯಲ್ಲಿದೆಯೆಂದು ಹೇರಿಂಗ್ ಎಂಬ ಶರೀರಶಾಸ್ತ್ರಜ್ಞನೂ ಇವನನ್ನು ಎದುರಿಸಿದರು. ಹೇರಿಂಗನೊಡನೆ ನಡೆದ ವಾದವು ದಶಕಗಳವರೆಗೆ ಆರಲಿಲ್ಲ.

1871ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಅವನನ್ನು ಭೌತಶಾಸ್ತ್ರದ ಪೀಠಕ್ಕೆ ಕರೆದುದರಿಂದ, ಹಣವಿಲ್ಲದೆ ಬಾಲ್ಯದಲ್ಲಿ ಕೈಬಿಟ್ಟ ವಿದ್ಯೆಯು ಐವತ್ತನೆಯ ವಯಸ್ಸಿನಲ್ಲಿ ಅವನ ವೃತ್ತಿಯಾಯಿತು. ವಿದ್ಯುತ್ ತರಂಗಗಳನ್ನು ಕಂಡುಹಿಡಿದ ಹರ್ಟ್ಸ್ ಅವನ ಶಿಷ್ಯ. ಹೈಡಲ್ಬರ್ಗಿನಲ್ಲಿ ಅವನ ಸಹಾಯಕನಾಗಿದ್ದ ವುಂಟ್ ಎಂಬಾತನು 1879ರಲ್ಲಿ ಲೈಪ್‌ಸಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದನು. ಆ ಪರಂಪರೆಯೇ ಹಬ್ಬುತ್ತ ಬಂದು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದ ಮನಶ್ಶಾಸ್ತ್ರ ವಿಭಾಗವಾಗಿ ಬೇರೂರಿತು. 1887ರಲ್ಲಿ ಉದ್ಯಮಿ ಸೀಮೆನ್ಸನ ಪ್ರೇರಣೆಯಿಂದ ಜರ್ಮನ್ ಸರಕಾರವು ಅಳತೆಗಳ ನಿಷ್ಕರ್ಷೆಗಾಗಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿದಾಗ ಹೆಲ್ಮ್‌ಹೋಲ್ಟ್ಸನೇ ಅದರ ಪ್ರಥಮಾಧ್ಯಕ್ಷನಾದನು. ಅಲ್ಲಿ ನಡೆದ ಶಾಖವಿಕಿರಣದ ಸೂಕ್ಷ್ಮ ಅಳತೆಗಳೇ 1900ರಲ್ಲಿ ಪ್ಲಾಂಕನನ್ನು ಹೊಸ ಭೌತಶಾಸ್ತ್ರದ ಹೊಸ್ತಿಲಿಗೆ ತಂದುವು. 1889ರಲ್ಲಿ ಮಗ ರಾಬರ್ಟನೂ, 1894ರ ವರ್ಷಾರಂಭದ ದಿನ ಪ್ರಿಯಶಿಷ್ಯ ಹರ್ಟ್ಸನೂ ತೀರಿಕೊಂಡುದು ವೃದ್ಧನನ್ನು ಕುಗ್ಗಿಸಿತು. 1893ರಲ್ಲಿ ಅಮೆರಿಕದಿಂದ ಹಿಂದಿರುಗುವಾಗ ಹಡಗಿನ ಮೆಟ್ಟಲುಗಳಿಂದ ಬಿದ್ದು ಪೆಟ್ಟಾಗಿತ್ತು. 1894ನೆಯ ಇಸವಿ ಸೆಪ್ಟೆಂಬರ್ 8ರಂದು ಅವನು ದೇಹವನ್ನು ಬಿಟ್ಟನು.

ಕಾಲವು ಅವನ ಮಾತುಗಳನ್ನೂ ಪ್ರಮಾಣಿಸಿ ನೋಡಿದೆ. ಕಿವಿಯೊಳಗಿನ ಶಂಖಾಕೃತಿಯ ಅಂಗದಲ್ಲಿ ಪಿಯಾನೋವಿನ ತಂತಿಗಳಂತೆ ಒಂದೊಂದು ಸ್ವರಕ್ಕೆ ಒಂದೊಂದು ಎಳೆಯು ಮಿಡಿಯುವುದೆಂಬ ಅವನ ಊಹೆಯನ್ನು, ಅಲ್ಲಿ ಅಲೆಯೊಂದು ಸಾಗುವುದೆಂದು ತೋರಿಸಿದ ಬೇಕೇಶಿಯು ತಿದ್ದಿದನು; ಅದಕ್ಕಾಗಿ ಬೇಕೇಶಿಗೆ 1961ರ ನೊಬೆಲ್ ಪಾರಿತೋಷಕವು ದೊರೆಯಿತು. ಬಣ್ಣದ ಮೂರು ಗ್ರಾಹಕಗಳಿರುವುದು ನಿಜವೆಂದು 1960ರ ದಶಕದಲ್ಲಿ ನೇರವಾಗಿ ಸ್ಥಿರಪಟ್ಟಿತು. ಅವುಗಳ ಹಿಂದಿನ ನರಗಳಲ್ಲಿ ಹೇರಿಂಗನು ಹೇಳಿದ ಪರಸ್ಪರವಿರೋಧಿ ವರ್ಣಗಳ ಏರ್ಪಾಡೂ ಇದೆಯೆಂದು ಕಂಡುಬಂದಿದೆ. ಅರಿವಿಗೆ ಬಾರದ ಅನುಮಾನವೆಂಬ ಸಿದ್ಧಾಂತವಂತೂ ಹೊಸ ಚೈತನ್ಯವನ್ನು ಪಡೆದಿದೆ. 1995ರಲ್ಲಿ ಕಲಿಯಬಲ್ಲ ಗಣಕಯಂತ್ರದ ಒಂದು ಮಾದರಿಯನ್ನು ರಚಿಸಿದವರು ಅದಕ್ಕೆ ಹೆಲ್ಮ್‌ಹೋಲ್ಟ್ಸ್ ಯಂತ್ರವೆಂದೇ ಹೆಸರಿಟ್ಟರು.

ನಮ್ಮ ದೇಶಕ್ಕೂ ಅವನ ಋಣವುಂಟು. ತಮ್ಮನ್ನು ರೂಪಿಸಿದವೆಂದು ಸರ್ ಸಿ. ವಿ. ರಾಮನ್ನರು ಹೆಸರಿಸಿದ ಮೂರು ಗ್ರಂಥಗಳಲ್ಲಿ ಸ್ವರಸಂವೇದನೆಯ ಗ್ರಂಥವೂ ಒಂದು. ಅದರ ದಾರಿಯನ್ನು ಹಿಡಿದೇ ಅವರು ಮೃದಂಗ ತಬಲಗಳ ನಡುವಣ ಕರಿಯ ಲೇಪವು ಚರ್ಮದಿಂದಲೂ ಹೊಂದಿಕೆಯಾದ ಉಪಸ್ವರಗಳನ್ನು ಹೊರಡಿಸುವ ಬಗೆಯನ್ನು ವಿವರಿಸಿದರು. ಬೆಂಗಳೂರಿನಲ್ಲಿ ನೆಲಸಿ, ಇಳಿವಯಸ್ಸಿನಲ್ಲಿ, 1968ರಲ್ಲಿ ದೃಷ್ಟಿಯನ್ನು ಕುರಿತೇ ಗ್ರಂಥವನ್ನು ಪ್ರಕಟಿಸಿದರು.

ಈ ಚರಿತ್ರೆಯಿಂದ ರಾಷ್ಟ್ರವು ಕಲಿಯಬೇಕಾದುದೊಂದಿದೆ, ವ್ಯಕ್ತಿಯು ಕಲಿಯಬೇಕಾದುದೊಂದಿದೆ. ಬಡ ಉಪಾಧ್ಯಾಯನ ಮಗನಿಗೆ ಪ್ರಷ್ಯಾ ಸರಕಾರವು ವೈದ್ಯವಿದ್ಯೆಯನ್ನು ಕೊಡಿಸಿತು. ಯೋಗ್ಯತೆ ಕಂಡಾಗ ಕರಾರಿನ ಅಕ್ಷರಕ್ಕೆ ಅಂಟಿಕೊಳ್ಳದೆ ಅವನನ್ನು ಬಿಟ್ಟುಕೊಟ್ಟಿತು. ಅದಕ್ಕೆ ಅದು ಪಡೆದ ಪ್ರತಿಫಲವನ್ನು ಯಾವ ಖಜಾನೆಯೂ ಎಣಿಸಲಾರದು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿಗಳು ಇದನ್ನು ನೆನೆಯುವುದು ಒಳ್ಳೆಯದು. ಎರಡನೆಯದು ನಮ್ಮೆಲ್ಲರಿಗೂ ಅನ್ವಯಿಸುತ್ತದೆ. ಒಬ್ಬನ ಮುಖವನ್ನು ನೋಡಿದೊಡನೆ ಇವನು ಇಂತಹವನೆಂದೂ, ಒಂದು ಮಾತನ್ನು ಕೇಳಿದೊಡನೆ ಇದರ ಅರ್ಥವಿಷ್ಟೇ ಎಂದೂ ನಿಶ್ಚಯಿಸುವಾಗ, ನಾವು ಕಂಡದ್ದೆಷ್ಟು, ಹಿಂದಿನ ರೂಢಿಯಿಂದ ನಮ್ಮ ಮನಸ್ಸು ಸೇರಿಸಿದ್ದೆಷ್ಟು? ಇಂದ್ರಿಯಗಳನ್ನು ಹಳಿದು ಫಲವಿಲ್ಲ. ಅವುಗಳ ಹೊರತು ನಮಗೆ ಗತಿಯಿಲ್ಲ. ಅವುಗಳ ಸಾಕ್ಷ್ಯವನ್ನು ಇನ್ನೊಮ್ಮೆ ಕರೆದು ವಿಚಾರಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ತಾನೇ ಕಂಡುದನ್ನೂ, ತಾನೇ ಬರೆದುದನ್ನೂ ಹಾಗೆ ಮರುವಿಚಾರಣೆಗೆ ಒಡ್ಡಿದವನು ಹೆಲ್ಮ್‌ಹೋಲ್ಟ್ಸ್.